ಹಳೆಯ ಟರ್ಬೊ ಕಾರು: ಮೊದಲು ರಬ್ಬರ್ ಕೊಳವೆ ಪರೀಕ್ಷಿಸಿ

ಟಾಟಾ ಸಂಸ್ಥೆಯು 2004ರಲ್ಲಿ ಮಾರುಕಟ್ಟೆಗೆ ತಂದ ಇಂಡಿಗೊ ಮರೀನಾ, ಇಂಡಿಗೊ ಕಾರಿನ ಸ್ಟೇಷನ್ ವ್ಯಾಗನ್ ರೂಪ. ಡೀಸೆಲ್ ಮಾದರಿಯದು 1.4 ಲೀಟರ್‌ನ ಟರ್ಬೊ ಎಂಜಿನ್. ಇದರ ತಯಾರಿಕೆ ನಿಂತು ವರ್ಷಗಳಾಗಿವೆ. ಶಿವಮೊಗ್ಗ, ಭದ್ರಾವತಿಗಳಲ್ಲಿ ಇಂತಹ ಗಾಡಿಯನ್ನು ಉಳಿಸಿಕೊಂಡವರು ಕೆಲವು ಪರೀಕ್ಷೆಗಳನ್ನು ಮನೆಯಲ್ಲೇ ನಡೆಸಬಹುದು.

ಎಳೆತ ಕುಗ್ಗಿ ಕಪ್ಪು ಹೊಗೆ ಬಂದೊಡನೆ ಟರ್ಬೊ ಕೆಟ್ಟಿದೆಯೆಂದು ತೀರ್ಮಾನಿಸುವುದು ದುಡುಕು. ಎಂಜಿನ್‌ಗೆ ಗಾಳಿ ಸಾಲದಿದ್ದರೂ ಹೀಗಾಗುತ್ತದೆ. ಏರ್ ಫಿಲ್ಟರ್ ನೋಡಿದ ಬಳಿಕ ಟರ್ಬೊದಿಂದ ಎಂಜಿನ್‌ಗೆ ಹೋಗುವ ರಬ್ಬರ್ ಕೊಳವೆಗಳನ್ನು ಬಾಗಿಸಿ ಪರೀಕ್ಷಿಸಬೇಕು. ಬಿರುಕು ಹೆಚ್ಚಾಗಿ ಕ್ಲಿಪ್ಪಿನ ಅಡಿಯಲ್ಲಿ ಅಡಗಿರುತ್ತದೆ. ಎಂಜಿನ್ ತಣ್ಣಗಿರುವಾಗ ಗಾಳಿ ಕೊಳವೆ ಕಳಚಿ ಟರ್ಬೊದ ದಂಡವನ್ನು ಬೆರಳಿನಿಂದ ಅಲುಗಿಸಿ. ಅಕ್ಕಪಕ್ಕಕ್ಕೆ ತುಸು ಆಡುವುದು ಸಹಜ. ರೆಕ್ಕೆಗಳು ಕವಚಕ್ಕೆ ತಾಗಿದರೆ ಬೇರಿಂಗ್ ಸವೆದಿದೆ.

ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಟರ್ಬೊದಿಂದ ಆಯಿಲ್ ಸೋರಿ ಒಳನುಗ್ಗಿದರೆ ಕೀಲಿ ತಿರುಗಿಸಿದರೂ ಡೀಸೆಲ್ ಎಂಜಿನ್ ನಿಲ್ಲದೆ ವೇಗ ಏರಿಸಿಕೊಳ್ಳಬಹುದು. ಆಗ ಬ್ರೇಕ್ ಬಲವಾಗಿ ತುಳಿದು, ಮೇಲಿನ ಗೇರ್ ಹಾಕಿ ಕ್ಲಚ್ ಬಿಟ್ಟು ಎಂಜಿನ್ ಬಂದ್ ಬೀಳಿಸಬೇಕು. ಇಂತಹ ಹೊಗೆ ಕಂಡ ಗಾಡಿಯನ್ನು ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯುವುದು ಲೇಸು. ಟರ್ಬೊ ಬದಲಿಸುವವರಿಗೆ ಆಯಿಲ್ ಪೂರೈಸುವ ಸಣ್ಣ ಪೈಪನ್ನೂ ಹೊಸದಾಗಿಸಲು ಒತ್ತಾಯಿಸಿ. ಹಳೆಯದರಲ್ಲಿ ಕರಿ ಕಟ್ಟಿದ್ದರೆ ಹೊಸ ಟರ್ಬೊ ಸಹ ಬಾಳದು.

ದಂಡವು ನಿಮಿಷಕ್ಕೆ ಲಕ್ಷಕ್ಕೂ ಅಧಿಕ ಸುತ್ತು ತಿರುಗುತ್ತದೆ. ಉಡುಪಿ ಕಡೆಯಿಂದ ಆಗುಂಬೆಯ 14 ತಿರುವುಗಳನ್ನು ಏರಿ ಬಂದವರು ಸೂರ್ಯಾಸ್ತ ನೋಡುವ ಆತುರದಲ್ಲಿ ತಕ್ಷಣ ಎಂಜಿನ್ ನಿಲ್ಲಿಸದೆ, ಒಂದೆರಡು ನಿಮಿಷ ನಿಧಾನ ವೇಗದಲ್ಲಿ ಓಡಲು ಬಿಡಬೇಕು.