ಸಮುದ್ರದ ಸ್ಪಂಜು ಗಿಡವೇ? ಅದನ್ನು ಬೆಳೆಯಬಹುದೇ?

ಮೈ ಉಜ್ಜಲು ಬಳಸುವ ‘ನೈಸರ್ಗಿಕ ಸ್ಪಂಜು’ ಬಗ್ಗೆ ಎರಡು ಮಾತುಗಳಿವೆ. ಅದು ಸಮುದ್ರದಲ್ಲಿ ಬೆಳೆಯುವ ಗಿಡ, ಹಾಗಾಗಿ ಪರಿಸರಕ್ಕೆ ಹಾನಿಯಿಲ್ಲ ಎಂಬುದು ಒಂದು. ಅದನ್ನು ಕೊಂಡರೆ ಸಮುದ್ರವೇ ಬರಿದಾಗುತ್ತದೆ ಎಂಬುದು ಇನ್ನೊಂದು. ಮೊದಲನೆಯದು ತಪ್ಪು. ಎರಡನೆಯದು ಸ್ಪಂಜು ಎಲ್ಲಿಂದ ಬಂತು ಎಂಬುದನ್ನು ಅವಲಂಬಿಸಿದೆ.

ಹೆಸರಿನಲ್ಲೇ ಗೊಂದಲವಿದೆ. ಪಾತ್ರೆ ತೊಳೆಯುವ ಸ್ಪಂಜು ಸಾಮಾನ್ಯವಾಗಿ ಪ್ಲಾಸ್ಟಿಕ್. ಲೂಫಾ ಅಂದರೆ ನಮ್ಮ ತುಪ್ಪದ ಹೀರೆಕಾಯಿ ಒಣಗಿದ ಮೇಲೆ ಉಳಿಯುವ ನಾರು. ಸಮುದ್ರದ ಸ್ಪಂಜು ಮಾತ್ರ ಪ್ರಾಣಿ. ಮೆದುಳು, ಹೃದಯ, ಹೊಟ್ಟೆ, ನರ ಯಾವುದೂ ಇಲ್ಲದ ಪ್ರಾಣಿ! ಮೈತುಂಬ ಇರುವ ಸಣ್ಣ ರಂಧ್ರಗಳಿಂದ ನೀರನ್ನು ಒಳಗೆಳೆದು, ಅದರಲ್ಲಿನ ಬ್ಯಾಕ್ಟೀರಿಯಾ ಮತ್ತು ಸೂಕ್ಷ್ಮ ಕಣಗಳನ್ನು ಸೋಸಿ ತಿನ್ನುತ್ತದೆ. ನಮ್ಮ ಕೈಗೆ ಬರುವುದು ಜೀವಕೋಶಗಳೆಲ್ಲ ಹೋದ ಮೇಲೆ ಉಳಿದ ಹಂದರ, ಅಂದರೆ ಸ್ಪಾಂಜಿನ್ ಎಂಬ ಪ್ರೋಟೀನಿನ ಎಳೆಗಳು. ಪ್ರಾಣಿಜನ್ಯ ವಸ್ತು ಬೇಡ ಎನ್ನುವವರಿಗೆ ಇದು ತಿಳಿದಿರಲಿ.

ಕಾಡು ಸ್ಪಂಜಿನ ಕಥೆ ಅಷ್ಟು ಚೆನ್ನಾಗಿಲ್ಲ. ಗ್ರೀಸ್‌ನ ಕಾಲಿಮ್ನೋಸ್ ದ್ವೀಪದ ಮುಳುಗುಗಾರರು ಇದಕ್ಕಾಗಿ ಸಮುದ್ರದಾಳಕ್ಕೆ ಇಳಿಯುತ್ತಿದ್ದರು. 19ನೇ ಶತಮಾನದಲ್ಲಿ ಲೋಹದ ಶಿರಸ್ತ್ರಾಣದ ಉಡುಪು ಬಂದ ಮೇಲೆ ಇನ್ನೂ ಆಳಕ್ಕೆ, ಇನ್ನೂ ಹೆಚ್ಚು ಹೊತ್ತು ಇಳಿದರು. ಬೇಗ ಮೇಲೆ ಬಂದಾಗ ರಕ್ತದಲ್ಲಿ ಗಾಳಿಗುಳ್ಳೆಗಳಾಗಿ ಅನೇಕರು ಸತ್ತರು, ಅನೇಕರಿಗೆ ಲಕ್ವಾ ಹೊಡೆಯಿತು. ಸಾಲದ್ದಕ್ಕೆ ರೋಗದ ಕಾಟ. 1938–39ರಲ್ಲಿ ಬಹಾಮಾಸ್ ಮತ್ತು ಫ್ಲಾರಿಡಾ ಕಡೆ, 1986ರ ನಂತರ ಮೆಡಿಟರೇನಿಯನ್‌ನಲ್ಲಿ ಸ್ಪಂಜುಗಳು ರಾಶಿ ರಾಶಿಯಾಗಿ ಸತ್ತವು.

ಹಾಗಾದರೆ ಬೆಳೆಯಲು ಸಾಧ್ಯವೇ? ಸಾಧ್ಯ, ಏಕೆಂದರೆ ಸ್ಪಂಜಿನ ತುಂಡು ಮತ್ತೆ ಇಡೀ ಸ್ಪಂಜಾಗಿ ಬೆಳೆಯುತ್ತದೆ. ಅಮೆರಿಕದ ಜೀವವಿಜ್ಞಾನಿ ಎಚ್. ವಿ. ವಿಲ್ಸನ್ 1907ರಲ್ಲಿ ಜೀವಂತ ಸ್ಪಂಜನ್ನು ಬಟ್ಟೆಯಲ್ಲಿ ಹಿಂಡಿ ಜೀವಕೋಶಗಳನ್ನು ಬಿಡಿಬಿಡಿ ಮಾಡಿದಾಗ, ಅವು ತಾವೇ ಒಟ್ಟುಗೂಡಿ ಹೊಸ ಸ್ಪಂಜಾದವು.

ಈ ಗುಣವನ್ನೇ ಬಳಸಿಕೊಂಡಿದ್ದು ಟಾಂಜಾನಿಯಾದ ಜಾಂಜಿಬಾರ್ ದ್ವೀಪದ ಜಾಂಬಿಯಾನಿ ಎಂಬ ಕರಾವಳಿ ಹಳ್ಳಿ. ಅಲ್ಲಿನ ಮಹಿಳೆಯರಿಗೆ ದಶಕಗಳಿಂದ ಸಮುದ್ರಕಳೆ ಕೃಷಿಯೇ ಆಸರೆ. ನೀರು ಬಿಸಿಯಾದಂತೆ ಬೆಳೆಗೆ ರೋಗ ಬಂತು, ಬೆಲೆ ಮೊದಲೇ ಕಡಿಮೆ. ಆಗ ಮರೀನ್‌ಕಲ್ಚರ್ಸ್ ಎಂಬ ಸ್ವಿಸ್ ಸಂಸ್ಥೆ ಸ್ಪಂಜು ಕೃಷಿಯನ್ನು ಪರಿಚಯಿಸಿತು. ಸೇರಿದವರಲ್ಲಿ ಒಂಟಿಯಾಗಿ ಮಕ್ಕಳನ್ನು ಸಾಕುವ ತಾಯಂದಿರು ಮುಖ್ಯರು. ಈಜು ಬಾರದವರು ಮೊದಲು ಈಜು ಕಲಿಯಬೇಕಾಯಿತು.

ಕೆಲಸ ದಾಸವಾಳದ ಕಡ್ಡಿ ನೆಟ್ಟ ಹಾಗೆ. ತಾಯಿ ಸ್ಪಂಜನ್ನು ಸಣ್ಣ ತುಂಡು ಮಾಡಿ ಹಗ್ಗಕ್ಕೆ ಪೋಣಿಸುತ್ತಾರೆ. ತೇಲುಗಳ ಆಸರೆಯಲ್ಲಿ ಹಗ್ಗವನ್ನು ಆಳವಿಲ್ಲದ ನೀರಿನಲ್ಲಿ ಕಟ್ಟುತ್ತಾರೆ. ಮೇವು, ಗೊಬ್ಬರ, ಔಷಧಿ ಬೇಡ. ಆದರೆ ಅಂಟಿಕೊಳ್ಳುವ ಪಾಚಿ, ಚಿಪ್ಪುಜೀವಿಗಳನ್ನು ಆಗಾಗ ಉಜ್ಜಿ ತೆಗೆಯದಿದ್ದರೆ ರಂಧ್ರ ಮುಚ್ಚಿ ಸ್ಪಂಜು ಸಾಯುತ್ತದೆ. ಮಾರುವಷ್ಟು ದೊಡ್ಡದಾಗಲು ತಿಂಗಳುಗಟ್ಟಲೆ ಕಾಯಬೇಕು. ಮುಂದಿನ ನಾಟಿಗೂ ತೋಟದ ಸ್ಪಂಜಿನಿಂದಲೇ ತುಂಡು ಸಿಗುವುದರಿಂದ ಬಂಡೆಗಳ ಮೇಲಿನ ಕಾಡು ಸ್ಪಂಜನ್ನು ಮತ್ತೆ ಮತ್ತೆ ಕೀಳಬೇಕಿಲ್ಲ.

ಇದು ಸಮುದ್ರವನ್ನೇ ಸ್ವಚ್ಛ ಮಾಡುತ್ತದೆ ಎನ್ನುವುದು ಮಾತ್ರ ಅತಿಯಾಯಿತು. ಸ್ಪಂಜು ನೀರು ಸೋಸುವುದು ನಿಜ, ಆದರೆ ನಾಲ್ಕು ಸಾಲು ಹಗ್ಗದಿಂದ ಕೊಳಕು ಕರಾವಳಿ ಶುದ್ಧವಾಗದು. ತೋಟ ಮಾಡಲೇ ಶುದ್ಧ ನೀರು ಬೇಕು. ಕೊಳ್ಳುವವರೂ ಕಡಿಮೆ, ಊರಿಗೂರೇ ಸ್ಪಂಜು ಬೆಳೆದರೆ ಬೆಲೆ ಕುಸಿಯಬಹುದು ಎಂಬುದು ನಮ್ಮ ಅಂದಾಜು.

ಪ್ಯಾಕೆಟ್ ಮೇಲಿನ ‘ನೈಸರ್ಗಿಕ’ ಎಂಬ ಪದ ಸ್ಪಂಜು ಕಾಡಿನದೋ ತೋಟದ್ದೋ ಹೇಳುವುದಿಲ್ಲ. ಮಾರುವವರನ್ನು ಅದನ್ನೇ ಕೇಳಿ. ಕೊಂಡ ಮೇಲೆ ಪ್ರತಿ ಸಲ ಹಿಂಡಿ, ಗಾಳಿಯಾಡುವ ಕಡೆ ಒಣಗಿಸಿ. ಒದ್ದೆಯಾಗಿಯೇ ಇಟ್ಟರೆ ತೋಟದ ಸ್ಪಂಜಾದರೂ ಪ್ಲಾಸ್ಟಿಕ್ ಸ್ಪಂಜಾದರೂ ಬ್ಯಾಕ್ಟೀರಿಯಾ ಬೆಳೆಯುತ್ತದೆ.