ಕಪ್ಪು ಹೊಗೆ, ಬಿಳಿ ಹೊಗೆ, ಇಲ್ಲದ ಹೊಗೆ

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎಂದು ಊಹಿಸಬಹುದು ಎನ್ನುವುದು ತರ್ಕಶಾಸ್ತ್ರದ ಮೊದಲ ಪಾಠ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರಬೇಕಿಲ್ಲ ಎನ್ನುವುದು ಎರಡನೆಯ ಪಾಠ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಕಟ್ಟಿಗೆ ಹಸಿಯಾಗಿದ್ದರೆ ಮಾತ್ರ ಹೊಗೆ ಏಳುತ್ತದೆ. ಡೀಸೆಲ್ ಎಂಜಿನ್ ರಿಪೇರಿ ಮಾಡುವವರು ಓದದೆಯೇ ಕಲಿತದ್ದು ಈ ಎರಡನೆಯ ಪಾಠವನ್ನು. ಒಳಗೆ ಬೆಂಕಿ ಇದೆ ಎಂದು ಅವರಿಗೆ ಗೊತ್ತು. ಹೊಗೆ ಕಂಡರೆ, ಯಾವ ಕಟ್ಟಿಗೆ ಹಸಿಯಾಯಿತು ಎಂದು ಹುಡುಕುವುದು ಅವರ ಕೆಲಸ. ಘಾಟಿ ಹತ್ತುತ್ತಿದ್ದ ಲಾರಿ ಇದ್ದಕ್ಕಿದ್ದಂತೆ ಎಳೆತ ಕಳೆದುಕೊಂಡು ಹೊಗೆ ಉಗುಳಿದರೆ, ಹಳೆಯ ಮೆಕ್ಯಾನಿಕ್ ಮೊದಲು ನೋಡುವುದು ಎಂಜಿನ್ ಕಡೆಗಲ್ಲ, ಸೈಲೆನ್ಸರ್ ಕಡೆಗೆ. ಆ ನೋಟಕ್ಕೂ ಒಂದು ಚರಿತ್ರೆಯಿದೆ.

ಅದು ಶುರುವಾಗುವುದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ. ರುಡಾಲ್ಫ್ ಡೀಸೆಲ್ 1892ರಲ್ಲಿ ಪೇಟೆಂಟ್ ಕೋರಿದ ಎಂಜಿನ್‌ನಲ್ಲಿ ಕಿಡಿ ಹಾರಿಸುವ ಪ್ಲಗ್ ಇರಲಿಲ್ಲ. ಗಾಳಿಯನ್ನು ಬಲವಾಗಿ ಅದುಮಿದರೆ ಕಾಯುತ್ತದೆ; ಗಾಳಿ ಹಾಕುವಾಗ ಸೈಕಲ್ ಪಂಪಿನ ಬುಡ ಬಿಸಿಯಾಗುವುದು ಹೀಗೆಯೇ. ಸಾಕಷ್ಟು ಕಾದ ಗಾಳಿಗೆ ಇಂಧನ ಸೇರಿಸಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. 1893ರ ಆಗಸ್ಟ್‌ನಲ್ಲಿ ನಡೆದ ಮೊದಲ ಪರೀಕ್ಷೆಯಲ್ಲಿ ಒತ್ತಡ ಅಳೆಯುವ ಉಪಕರಣವೇ ಸಿಡಿದುಹೋಯಿತು. 1897ರ ಫೆಬ್ರವರಿಯಲ್ಲಿ ಪ್ರೊಫೆಸರ್ ಮೊರಿಟ್ಸ್ ಶ್ರೋಟರ್ ಅಳೆದು ನೋಡಿದಾಗ, ಇಂಧನದ ಶಕ್ತಿಯಲ್ಲಿ ಶೇ. 26.2ರಷ್ಟು ಕೆಲಸವಾಗಿ ಬದಲಾಗುತ್ತಿತ್ತು. ಆ ಕಾಲದ ಹಬೆ ಎಂಜಿನ್‌ಗಳು ಇದಕ್ಕಿಂತ ಬಹಳ ಹಿಂದಿದ್ದವು.

ಕಾಯಿಲೆ ಪತ್ತೆಹಚ್ಚುವ ವಿಧಾನವೂ ಈ ರಚನೆಯಲ್ಲೇ ಅಡಗಿತ್ತು. ಪ್ಲಗ್ ಇಲ್ಲದ ಮೇಲೆ ಅನುಮಾನಪಡಲು ಉಳಿಯುವುದು ಮೂರೇ ಕಡೆ: ಗಾಳಿ, ಡೀಸೆಲ್, ಕಂಪ್ರೆಷನ್. ಪೆಟ್ರೋಲ್ ಎಂಜಿನ್‌ನಲ್ಲಿ ಆಕ್ಸಿಲರೇಟರ್ ಒತ್ತಿದರೆ ಗಾಳಿಯ ಬಾಗಿಲು ತೆರೆಯುತ್ತದೆ. ಹಳೆಯ ಡೀಸೆಲ್ ಎಂಜಿನ್‌ಗೆ ಅಂಥ ಬಾಗಿಲಿಲ್ಲ; ಒತ್ತಿದರೆ ಹೆಚ್ಚುವುದು ಡೀಸೆಲ್ ಮಾತ್ರ. ಬಂದ ಡೀಸೆಲ್‌ಗೆ ಗಾಳಿ ಸಾಲದಿದ್ದರೆ ಅದು ಅರೆಬೆಂದು ಮಸಿಯಾಗುತ್ತದೆ. ಕಪ್ಪು ಹೊಗೆಯ ಮೂಲ ಇಷ್ಟೇ.

ಆರಂಭದಲ್ಲಿ ಇಂಧನವನ್ನು ಒಳಗೆ ಊದಲು ದೊಡ್ಡ ಕಂಪ್ರೆಸರ್ ಬೇಕಿತ್ತು. ಹಾಗಾಗಿ ಡೀಸೆಲ್ ಎಂಜಿನ್ ಹೆಚ್ಚಾಗಿ ಕಾರ್ಖಾನೆ, ಹಡಗುಗಳಲ್ಲೇ ಉಳಿಯಿತು. ಸ್ಟುಟ್‌ಗಾರ್ಟ್‌ನ ಬಾಷ್ ಕಂಪನಿ 1927ರಲ್ಲಿ ಇಂಜೆಕ್ಷನ್ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಮೇಲೆ ಅದು ಲಾರಿಗಳಲ್ಲಿ ನೆಲೆಯೂರಿತು. ಪಂಪಿನೊಳಗಿನ ಪ್ಲಂಜರ್‌ಗೂ ಅದರ ಕೊಳವೆಗೂ ನಡುವಿನ ಸಂದು ಕೂದಲೆಳೆಗಿಂತ ಎಷ್ಟೋ ಸಣ್ಣದು. ಡೀಸೆಲ್‌ನಲ್ಲಿ ಸ್ವಲ್ಪ ನೀರೋ ಧೂಳೋ ಬೆರೆತರೂ ಅದು ಕೆಡುತ್ತದೆ. ಈ ನಾಜೂಕಿನ ಕೆಲಸ ಬೆಂಗಳೂರಿಗೆ ಬಂದದ್ದು 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯಿಂದ, ಅಂದರೆ ಆಡುಗೋಡಿಯ ಮೈಕೋದಿಂದ. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾಯಿತು. ಬಡಾವಣೆಯ ಹೆಸರು ಮಾತ್ರ ಇನ್ನೂ ಮೈಕೋ ಲೇಔಟ್.

ಈ ಪಂಪಿನ ಕಾಲದಲ್ಲಿ ಹೊಗೆಯ ಬಣ್ಣ ಓದುವ ವಿದ್ಯೆ ಗಟ್ಟಿಯಾಯಿತು. ಕಪ್ಪು ಹೊಗೆಯೊಂದಿಗೆ ಪಿಕಪ್ ಬಿದ್ದರೆ ಡೀಸೆಲ್ ಬರುತ್ತಿದೆ, ಗಾಳಿ ಸಾಲುತ್ತಿಲ್ಲ. ಏರ್ ಫಿಲ್ಟರ್ ಕಟ್ಟಿರಬಹುದು, ಅಥವಾ ನಾಜಲ್ ಸಿಂಪಡಿಸುವ ಬದಲು ತೊಟ್ಟಿಕ್ಕುತ್ತಿರಬಹುದು. ಬಿಳಿ ಹೊಗೆಗೆ ಎರಡು ಅರ್ಥ. ಕಣ್ಣು ಉರಿಸುವ ಹಸಿ ಡೀಸೆಲ್ ವಾಸನೆಯಿದ್ದರೆ ಇಂಧನ ಹೊತ್ತಿಕೊಳ್ಳುತ್ತಿಲ್ಲ, ಅಂದರೆ ಕಂಪ್ರೆಷನ್ ಅಥವಾ ಟೈಮಿಂಗ್ ತಪ್ಪಿದೆ. ವಾಸನೆಯಿಲ್ಲದ ಆವಿಯಾಗಿದ್ದು ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ನೀಲಿ ಹೊಗೆಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಪಿಕಪ್ ಬಿದ್ದಿದೆ, ಹೊಗೆ ಮಾತ್ರ ಇಲ್ಲ ಎಂದರೆ ಡೀಸೆಲ್ಲೇ ಬರುತ್ತಿಲ್ಲ. ಫಿಲ್ಟರ್ ಕಟ್ಟಿದೆ ಅಥವಾ ಲೈನ್ ಏರ್ ಹಿಡಿದಿದೆ. ಯಾವ ಸಿಲಿಂಡರ್ ಸತ್ತಿದೆ ಎಂದು ತಿಳಿಯಲು ಎಂಜಿನ್ ಓಡುತ್ತಿರುವಾಗಲೇ ನಾಜಲ್ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸುತ್ತಿದ್ದರು. ಯಾವುದನ್ನು ಸಡಿಲಿಸಿದಾಗ ಎಂಜಿನ್ ಸದ್ದು ಬದಲಾಗುವುದಿಲ್ಲವೋ ಕಾಯಿಲೆ ಅಲ್ಲಿದೆ.

ಇದೆಲ್ಲದರ ಜೊತೆಗೆ ಇನ್ನೊಂದು ಪ್ರಶ್ನೆ: ದಿಢೀರ್ ಆಯಿತೋ, ನಿಧಾನವಾಗಿ ಆಯಿತೋ? ಫಿಲ್ಟರ್ ಕಟ್ಟಲು, ರಿಂಗ್ ಸವೆಯಲು ತಿಂಗಳುಗಳು ಬೇಕು. ಒಂದು ಕ್ಷಣದಲ್ಲಿ ಎಳೆತ ಹೋದರೆ ಏನೋ ಬಿಚ್ಚಿದೆ, ಒಡೆದಿದೆ, ಇಲ್ಲವೇ ಸಿಕ್ಕಿಕೊಂಡಿದೆ. ಟರ್ಬೊ ಬಂದ ಮೇಲೆ ಈ ಪ್ರಶ್ನೆಯ ತೂಕ ಹೆಚ್ಚಿತು.

ಹೊರಹೋಗುವ ಹೊಗೆಯ ಬಲದಿಂದಲೇ ಚಕ್ರ ತಿರುಗಿಸಿ ಒಳಗೆ ಹೆಚ್ಚು ಗಾಳಿ ತುಂಬುವ ಯೋಚನೆಗೆ ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಪೇಟೆಂಟ್ ಪಡೆದಿದ್ದರು. ಭಾರತದಲ್ಲಿ ಅದನ್ನು ಲಕ್ಷಾಂತರ ಜನ ಕಣ್ಣಾರೆ ಕಂಡದ್ದು ರೈಲಿನಲ್ಲಿ. ಅಮೆರಿಕದ ಆಲ್ಕೊ ಕಂಪನಿಯ ವಿನ್ಯಾಸದ ಡಬ್ಲ್ಯುಡಿಎಂ-2 ಲೋಕೊಮೋಟಿವ್ 1962ರಲ್ಲಿ ಬಂತು. 1964ರಿಂದ ವಾರಾಣಸಿಯಲ್ಲೇ ತಯಾರಾಯಿತು. 16 ಸಿಲಿಂಡರ್, 2,600 ಅಶ್ವಶಕ್ತಿ. ಸ್ಟೇಷನ್ ಬಿಡುವಾಗ ಅದು ಆಕಾಶಕ್ಕೆ ಕಪ್ಪು ಹೊಗೆ ಎಸೆಯುತ್ತಿದ್ದುದು ಕಾಯಿಲೆಯಲ್ಲ. ಡೀಸೆಲ್ ಕೂಡಲೇ ಹೆಚ್ಚುತ್ತಿತ್ತು, ಟರ್ಬೊ ವೇಗ ಪಡೆಯಲು ಸಮಯ ಬೇಕಿತ್ತು. ಕೆಲವು ಕ್ಷಣಗಳ ಮೇಲೂ ಹೊಗೆ ತಿಳಿಯಾಗದಿದ್ದರೆ ಮಾತ್ರ ಚಿಂತೆ. ಟರ್ಬೊದ ಆಯಿಲ್ ಸೀಲ್ ಒಡೆದರೆ ಅಪಾಯವೇ ಬೇರೆ. ಯಾವುದೇ ಡೀಸೆಲ್ ಎಂಜಿನ್ ಆಗ ತನ್ನದೇ ಆಯಿಲನ್ನು ಇಂಧನವಾಗಿ ಹೀರಿಕೊಂಡು ಹುಚ್ಚೆದ್ದು ಓಡಬಹುದು. ಕೀಲಿ ತಿರುಗಿಸಿದರೂ ನಿಲ್ಲುವುದಿಲ್ಲ, ಗಾಳಿ ತಡೆದರೆ ಮಾತ್ರ ನಿಲ್ಲುತ್ತದೆ.

ಲಾರಿ ಬಸ್ಸುಗಳಲ್ಲಿ ಈ ಕಪ್ಪು ಹೊಗೆ ತಡೆಯಲು ಪಂಪಿಗೆ ಒಂದು ಸಣ್ಣ ಡಯಾಫ್ರಾಮ್ ಸೇರಿಸಿದರು. ಟರ್ಬೊ ಗಾಳಿಯ ಒತ್ತಡ ಏರುವವರೆಗೂ ಅದು ಡೀಸೆಲನ್ನು ಹಿಡಿದಿಡುತ್ತದೆ. ಹಳೆಯ ಪಾಠ ಇಲ್ಲಿ ತಲೆಕೆಳಗಾಯಿತು. ಟರ್ಬೊದ ಹೋಸ್ ಪೈಪ್ ಬಿಚ್ಚಿಕೊಂಡರೆ ಮೊದಲು ಕಪ್ಪು ಹೊಗೆ ಏಳುತ್ತಿತ್ತು. ಈಗ ಡೀಸೆಲ್ಲೂ ಕಡಿಮೆಯಾಗಿ, ಅಷ್ಟಾಗಿ ಹೊಗೆ ಕಾಣಿಸದೆಯೇ ಎಳೆತ ಹೋಗತೊಡಗಿತು. ಹೊಗೆಯಿಲ್ಲ ಎಂದು ಡೀಸೆಲ್ ಫಿಲ್ಟರ್ ಬದಲಿಸಿದವರಿಗೆ ಗುಣ ಕಾಣಲಿಲ್ಲ.

ಎಲೆಕ್ಟ್ರಾನಿಕ್ಸ್ ಈ ಹಾದಿಯನ್ನೇ ಮುಂದುವರಿಸಿತು. 1997ರಲ್ಲಿ ಬಾಷ್ ಕಾರುಗಳಿಗೆ ತಂದ ಕಾಮನ್ ರೈಲ್ ವ್ಯವಸ್ಥೆಯಲ್ಲಿ ಒತ್ತಡ 1,350 ಬಾರ್. ನಟ್ಟು ಸಡಿಲಿಸಿ ನೋಡುವ ಹಳೆಯ ಪರೀಕ್ಷೆ ಇಲ್ಲಿ ಪ್ರಾಣಕ್ಕೇ ಅಪಾಯ. ಚಿಮ್ಮುವ ಡೀಸೆಲ್ ಚರ್ಮವನ್ನು ಕೊರೆದು ಒಳಹೋಗುತ್ತದೆ. ಸೆನ್ಸರ್ ಹೇಳಿದ ಒತ್ತಡ ತಾಳೆಯಾಗದಿದ್ದರೆ ಕಂಪ್ಯೂಟರ್ರೇ ಡೀಸೆಲ್ ಕಡಿತ ಮಾಡಿ, ಗಾಡಿ ಕುಂಟುತ್ತಾ ಮನೆ ಸೇರುವಷ್ಟು ಶಕ್ತಿ ಉಳಿಸುತ್ತದೆ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್-6 ಜಾರಿಗೆ ಬಂದಾಗ ಮಸಿ ಹಿಡಿಯುವ ಫಿಲ್ಟರ್ ಸೈಲೆನ್ಸರ್ ದಾರಿಯಲ್ಲಿ ಸೇರಿತು. ಹಿಡಿದ ಮಸಿಯನ್ನು ಸುಡಲು ಅದಕ್ಕೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಪುಣೆ, ಮುಂಬೈ ಟ್ರಾಫಿಕ್‌ನಲ್ಲಿ ನಾಲ್ಕು ಕಿಲೋಮೀಟರ್ ತೆವಳುವ ಕಾರಿಗೆ ಆ ಬಿಸಿ ಏರುವುದೇ ಇಲ್ಲ. ಫಿಲ್ಟರ್ ಕಟ್ಟುತ್ತದೆ, ಎಳೆತ ಹೋಗುತ್ತದೆ, ಹೊರಗೆ ಹೊಗೆಯ ಸುಳಿವೂ ಇರುವುದಿಲ್ಲ.

ಹೊಗೆ ಹೋದದ್ದಕ್ಕೆ ಯಾರೂ ಮರುಗಬೇಕಿಲ್ಲ. ದೆಹಲಿಯ ಬಸ್ಸುಗಳನ್ನು ಸಿಎನ್‌ಜಿಗೆ ಬದಲಿಸಲು ಸುಪ್ರೀಂ ಕೋರ್ಟ್ 1998ರಲ್ಲಿ ಆದೇಶಿಸಬೇಕಾಯಿತು. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ಸಾರಿತು. ಬಣ್ಣ ನೋಡಿ ಕಾಯಿಲೆ ಹೇಳುತ್ತಿದ್ದವರು ಆ ಹೊಗೆಯನ್ನು ದಿನವೂ ಉಸಿರಾಡುತ್ತಿದ್ದರು.

ಹೋಗಬಾರದ್ದು ಊಹಿಸುವ ಕ್ರಮ. ಟರ್ಬೊ ಒತ್ತಡ ಕಡಿಮೆ ಎಂದು ಸ್ಕ್ಯಾನರ್ ಕೋಡ್ ತೋರಿಸುತ್ತದೆ. ಹೋಸ್ ಪೈಪ್ ಬಿಚ್ಚಿದೆಯೋ, ಟರ್ಬೊ ಹಿಡಿದಿದೆಯೋ, ಸೆನ್ಸರ್ರೇ ಸುಳ್ಳು ಹೇಳುತ್ತಿದೆಯೋ ಎನ್ನುವುದನ್ನು ಅದು ಹೇಳುವುದಿಲ್ಲ. ಕೋಡ್ ನೋಡಿದ ಕೂಡಲೇ ಟರ್ಬೊ ಬದಲಿಸಲು ಹೇಳುವವರು ಗಿರಾಕಿಗೆ ದೊಡ್ಡ ಬಿಲ್ಲು ತರುತ್ತಾರೆ. ದಿಢೀರ್ ಆಯಿತೋ ನಿಧಾನವಾಗಿ ಆಯಿತೋ ಎಂದು ಕೇಳಿ, ಟಾರ್ಚ್ ಹಿಡಿದು ಹೋಸ್ ಪೈಪಿನ ಕ್ಲಿಪ್ ಮುಟ್ಟಿ ನೋಡುವವರು ಎಷ್ಟೋ ಸಲ ಸ್ಕ್ರೂಡ್ರೈವರ್‌ನಲ್ಲೇ ಕೆಲಸ ಮುಗಿಸುತ್ತಾರೆ.