ಮ್ಯಾಕ್ರೊ ಮರೆಯ ಹೆಸರುಗಳು: ಸಿ ಸೋರ್ಸ್ ಕೋಡಿನ ಸೂಚಿಯಲ್ಲಿ ಪ್ರಿಪ್ರೊಸೆಸರ್ ಸಮಸ್ಯೆ

ಗದಗ ಜಿಲ್ಲೆಯ ಹರ್ತಿಯ ಹೆಸರು ಯೂನಿಕೋಡ್‌ನಲ್ಲಿ ಐದು ಸಂಕೇತಗಳಾಗಿ ಉಳಿಯುತ್ತದೆ: ಹ, ರ, ವಿರಾಮ, ತ, ಇಕಾರದ ಗುಣಿತ. ತೆರೆಯ ಮೇಲೆ ಅದೇ ರಕಾರ ಅರ್ಕಾವೊತ್ತಾಗಿ ‘ತಿ’ಯ ಆಚೆ ಹೋಗಿ ಕೂರುತ್ತದೆ. ಆಂಡ್ರಾಯ್ಡ್, ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳಲ್ಲಿ ಈ ಸ್ಥಾನಪಲ್ಲಟ ಮಾಡಿಸುವುದು ಹಾರ್ಫ್‌ಬಜ್ ಎಂಬ ಮುಕ್ತ ಲೈಬ್ರರಿ. ಅದರ ಒಳಭಾಗ ಸಿ++ನಲ್ಲಿದೆ, ಹೊರಗಿನ ಹೆಡರ್‌ಗಳು ಸಿಯಲ್ಲಿವೆ; ಕಂಪೈಲ್‌ಗೆ ಮೊದಲು ಮ್ಯಾಕ್ರೊಗಳನ್ನು ವಿಸ್ತರಿಸುವ ಪ್ರಿಪ್ರೊಸೆಸರ್ ಎರಡಕ್ಕೂ ಒಂದೇ.

ಹೆಡರ್‌ನಲ್ಲಿ ‘ಎಚ್‌ಬಿ_ಸ್ಕ್ರಿಪ್ಟ್_ಕನ್ನಡ’ ಎಂಬ ಹೆಸರಿದೆ. ಅದರ ಬೆಲೆಯನ್ನು ನೇರವಾಗಿ ಬರೆದಿಲ್ಲ. ‘ಎಚ್‌ಬಿ_ಟ್ಯಾಗ್’ ಮ್ಯಾಕ್ರೊಗೆ ಕೆ, ಎನ್, ಡಿ, ಎ ಎಂಬ ನಾಲ್ಕು ರೋಮನ್ ಅಕ್ಷರಗಳನ್ನು ಕೊಟ್ಟಿದ್ದಾರೆ. ಮ್ಯಾಕ್ರೊ ಇವುಗಳ ಸಂಖ್ಯೆಗಳಾದ 75, 110, 100, 97ನ್ನು ಕ್ರಮವಾಗಿ 24, 16, 8, 0 ಬಿಟ್ ಎಡಕ್ಕೆ ಸರಿಸಿ ಜೋಡಿಸುತ್ತದೆ. ಫಲ 1265525857. ಡಿಬಗ್ಗರ್‌ನಲ್ಲಿ ಈ ಅಂಕಿ ಕಂಡವನು ಸೋರ್ಸ್‌ನಲ್ಲಿ ಹುಡುಕಿದರೆ ಏನೂ ಸಿಗದು, ಏಕೆಂದರೆ ಅದನ್ನು ಅಲ್ಲಿ ಯಾರೂ ಬರೆದಿಲ್ಲ. ಹೆಸರುಗಳು ಎಲ್ಲಿವೆ ಎಂದು ತೋರಿಸಲು ಸೂಚಿ ಇದೆ, ಆದರೆ ಬರೆದ ಪಠ್ಯವನ್ನಷ್ಟೇ ಓದುವ ಸೂಚಿ ಹೆಸರನ್ನು ತೋರಿಸೀತು, ಬೆಲೆಯನ್ನಲ್ಲ. ವಿಸ್ತರಿಸಿದ ಪಠ್ಯವನ್ನಷ್ಟೇ ಓದುವ ಸೂಚಿಯಲ್ಲಿ ‘ಎಚ್‌ಬಿ_ಟ್ಯಾಗ್’ ಬಳಕೆಯಾದ ಜಾಗಗಳೇ ಅಳಿಸಿಹೋಗಿರುತ್ತವೆ.

ಸೂಚಿ ತಯಾರಿಸುವ ಸಿಟ್ಯಾಗ್ಸ್ ಎಂಬ ಸಾಧನ ಮೊದಲ ಬಗೆಯದು. ಅದು ಕಂಪೈಲ್ ಮಾಡುವುದಿಲ್ಲ, ಆದ್ದರಿಂದಲೇ ಅದಕ್ಕೆ ಆ ವೇಗ. ಹೇಳಿಕೆಯೊಂದರ ನಡುವೆ ಪ್ರಿಪ್ರೊಸೆಸರ್‌ನ ‘ಇಫ್’ ಷರತ್ತು ಬಂದರೆ ಒಂದೇ ಕವಲನ್ನು ಹಿಡಿಯುತ್ತದೆ. ಆವರಣಗಳ ಲೆಕ್ಕ ತಪ್ಪಿದರೆ ಮೊದಲ ಕಾಲಮ್‌ನಲ್ಲಿರುವ ಮುಚ್ಚುವ ಆವರಣವನ್ನು ಕಾರ್ಯದ ಕೊನೆಯೆಂದು ಬಗೆದು ಮತ್ತೆ ಓದುತ್ತದೆ. ತೊಡಕಿನ ಮ್ಯಾಕ್ರೊಗಳನ್ನು ಕಡೆಗಣಿಸಲು ‘-ಐ’ ಆಯ್ಕೆ ಇದೆ, ಆದರೆ ಆ ಪಟ್ಟಿಯನ್ನು ಬರೆಯಬೇಕಾದವರು ನಾವೇ. ಹತ್ತು ಮ್ಯಾಕ್ರೊ ಇರುವ ಯೋಜನೆಗೆ ಇದು ಸಾಕು. ಲಿನಕ್ಸ್ ಕರ್ನಲ್‌ನಂಥದ್ದಕ್ಕೆ ಸಾಲದು. ಸಿಸ್ಟಮ್ ಕಾಲ್‌ಗಳ ಹೆಸರನ್ನೇ ಮ್ಯಾಕ್ರೊಗಳು ಹುಟ್ಟಿಸುವುದರಿಂದ ಕರ್ನಲ್ ತಂಡ ತನ್ನ ಟ್ಯಾಗ್ಸ್ ಸ್ಕ್ರಿಪ್ಟ್‌ಗೆ ಪ್ರತ್ಯೇಕ ರೆಗ್ಯುಲರ್ ಎಕ್ಸ್‌ಪ್ರೆಶನ್‌ಗಳನ್ನು ಸೇರಿಸಿಕೊಂಡಿದೆ.

ಹಾಗಾದರೆ ಕಂಪೈಲರ್ ಅನ್ನೇ ಕೇಳೋಣವೆಂದರೆ ಅಲ್ಲೂ ಪೇಚಿದೆ. ಅರ್ಕಾವೊತ್ತಿನ ನಿಯಮ ಇರುವುದು ಹಾರ್ಫ್‌ಬಜ್‌ನ ಭಾರತೀಯ ಲಿಪಿಗಳ ಶೇಪರ್ ಕಡತದಲ್ಲಿ, ಲಿಪಿಗೊಂದು ಸಾಲಿರುವ ಪಟ್ಟಿಯಾಗಿ. ಲಿಪಿಯ ಗುರುತು ಮತ್ತು ವಿರಾಮದ ಸಂಕೇತದ ಹೊರತು, ಕನ್ನಡದ ಸಾಲು ತೆಲುಗಿನ ಸಾಲಿಗಿಂತ ಒಂದೇ ಅಂಶದಲ್ಲಿ ಬೇರೆಯಾಗಿದೆ: ಕನ್ನಡದಲ್ಲಿ ರೇಫ, ಅಂದರೆ ಅರ್ಕಾವೊತ್ತು, ತಾನಾಗಿ ಮೂಡುತ್ತದೆ. ಈ ಕಡತವಿಡೀ ‘ಎಚ್‌ಬಿ_ನೋ_ಓಟಿ_ಶೇಪ್’ ಇಲ್ಲದಿದ್ದರೆ ಮಾತ್ರ ಎಂಬ ಷರತ್ತಿನೊಳಗಿದೆ. ಆ ಮ್ಯಾಕ್ರೊವನ್ನು ಘೋಷಿಸಿ ಕಟ್ಟಿದ ಬಿಲ್ಡ್‌ನಿಂದ ಸೂಚಿ ತೆಗೆದರೆ ಕನ್ನಡದ ಸಾಲಿಗೆ ಅದರಲ್ಲಿ ಜಾಗವೇ ಇಲ್ಲ. ಸೂಚಿ ತಪ್ಪು ಹೇಳಿದಂತಾಗಲಿಲ್ಲ. ಯಾವ ಬಿಲ್ಡ್‌ನ ಮಾತು ಎಂಬುದನ್ನು ಬಚ್ಚಿಟ್ಟಂತಾಯಿತು. ನನ್ನ ಮಟ್ಟಿಗೆ ಇದು ಸಿಟ್ಯಾಗ್ಸ್‌ನ ದೋಷಕ್ಕಿಂತ ಕೆಟ್ಟದ್ದು.

ಇದಕ್ಕೊಂದು ದಾರಿಯಿದೆ. ಕ್ಲ್ಯಾಂಗ್ ಕಂಪೈಲರ್ ಪ್ರತಿ ಟೋಕನ್‌ಗೂ ಎರಡು ವಿಳಾಸ ಇಡುತ್ತದೆ: ಅಕ್ಷರಗಳನ್ನು ಬರೆದ ಜಾಗ ಒಂದು, ಮ್ಯಾಕ್ರೊ ವಿಸ್ತರಣೆಗೊಂಡ ಜಾಗ ಇನ್ನೊಂದು. ಸೂಚಿ ಎರಡನ್ನೂ ದಾಖಲಿಸಿ, ಪ್ರತಿ ನಮೂದಿಗೆ ಅದನ್ನು ಸುತ್ತುವರಿದ ಷರತ್ತುಗಳನ್ನೂ ಅಂಟಿಸಬೇಕು. ಕೈಬಿಟ್ಟ ಕವಲುಗಳನ್ನು ಸಿಟ್ಯಾಗ್ಸ್ ರೀತಿಯಲ್ಲೇ ಓದಿ ‘ಪರಿಶೀಲಿಸಿಲ್ಲ’ ಎಂಬ ಗುರುತಿನೊಡನೆ ಸೇರಿಸಬಹುದು. ಬೆಲೆ ತೆರಬೇಕಾದದ್ದು ಹೆಡರ್‌ಗಳಲ್ಲಿ. ‘ಎಚ್‌ಬಿ_ಬಿಗಿನ್_ಡಿಕ್ಲ್ಸ್’ ಸಿ ಕಡತದಲ್ಲಿ ಶೂನ್ಯ, ಸಿ++ ಕಡತದಲ್ಲಿ ಒಂದು ಆವರಣವನ್ನೇ ತೆರೆಯುತ್ತದೆ. ಹಾಗಾಗಿ ಹೆಡರ್ ಅನ್ನು ಒಮ್ಮೆ ಓದಿ ಕೈತೊಳೆದುಕೊಳ್ಳುವಂತಿಲ್ಲ. ಸೇರಿಸಿಕೊಂಡ ಕಡತಕ್ಕೆ ತಕ್ಕಂತೆ ಮತ್ತೆ ಓದಿ, ವಿಸ್ತರಣೆ ಒಂದೇ ಆಗಿರುವಲ್ಲಿ ಮಾತ್ರ ನಮೂದುಗಳನ್ನು ಕೂಡಿಸಬೇಕು.